ಕಿಟಕಿ ಮುಚ್ಚಿದ ಮೇಲೆ ಬಂದವರು

(ಉಪನ್ಯಾಸವೊಂದರ ಪಠ್ಯ)

2001ರ ಮಾರ್ಚ್ 10, ಶನಿವಾರ. ಇಂಗ್ಲೆಂಡಿನ ಲೆಸ್ಟರ್ ನಗರದ ಫಿಲ್ಬರ್ಟ್ ಸ್ಟ್ರೀಟ್ ಮೈದಾನದಲ್ಲಿ ಎಫ್.ಎ. ಕಪ್ ಫುಟ್‌ಬಾಲ್ ಟೂರ್ನಿಯ ಕ್ವಾರ್ಟರ್ ಫೈನಲ್ ಪಂದ್ಯ. ಒಂದು ಕಡೆ ಪ್ರೀಮಿಯರ್ ಲೀಗಿನ ಲೆಸ್ಟರ್ ಸಿಟಿ. ಇನ್ನೊಂದು ಕಡೆ ಅದಕ್ಕಿಂತ ಎರಡು ಮೆಟ್ಟಿಲು ಕೆಳಗೆ ಆಡುತ್ತಿದ್ದ ವೈಕೊಂಬ್ ವಾಂಡರರ್ಸ್ ಎಂಬ ಸಣ್ಣ ಕ್ಲಬ್ಬು. ನಿಗದಿತ 90 ನಿಮಿಷ ಮುಗಿಯುವಾಗ ಪಂದ್ಯ 1-1ರಲ್ಲಿ ನಿಂತಿತ್ತು. ಹೆಚ್ಚುವರಿಯಾಗಿ ಸಿಕ್ಕ ನಿಮಿಷಗಳಲ್ಲಿ ಗೋಲಿನ ಮುಂದೆ ತೇಲಿಬಂದ ಚೆಂಡಿಗೆ ವೈಕೊಂಬ್‌ನ ಬದಲಿ ಆಟಗಾರನೊಬ್ಬ ತಲೆ ಕೊಟ್ಟ. ಚೆಂಡು ಬಲೆ ಸೇರಿತು. ವೈಕೊಂಬ್ ಸೆಮಿಫೈನಲ್ ತಲುಪಿತು.

ಗೋಲು ಹೊಡೆದವನ ಹೆಸರು ರಾಯ್ ಎಸಾಂಡೊ. ಆ ದಿನ ಬೆಂಬಲಿಸಲು ಬಂದಿದ್ದ ವೈಕೊಂಬ್‌ನವರಲ್ಲೇ ಅನೇಕರಿಗೆ ಹೆಸರು ಹೊಸದು. ಆತ ಕ್ಲಬ್ಬಿಗೆ ಸೇರಿ ಕೆಲವೇ ದಿನಗಳಾಗಿದ್ದವು. ಸೇರಿದ ರೀತಿಯೂ ವಿಚಿತ್ರ. ವೈಕೊಂಬ್‌ನ ಮುಂಚೂಣಿ ಆಟಗಾರರು ಒಬ್ಬೊಬ್ಬರಾಗಿ ಗಾಯಗೊಂಡು ಮಲಗಿದ್ದರು. ಕೊಳ್ಳಲು ಹಣವಿಲ್ಲ. ತಂಡದ ಮ್ಯಾನೇಜರ್ ಲಾರಿ ಸ್ಯಾಂಚೆಜ್ 'ಗೋಲು ಹೊಡೆಯುವವರು ಯಾರಾದರೂ ಖಾಲಿ ಇದ್ದೀರಾ?' ಎಂದು ಬಹಿರಂಗವಾಗಿ ಕೇಳಿದ. ಆ ಮನವಿ ಟೆಲಿವಿಷನ್ ಪರದೆಯ ಮೇಲೆ ಅಕ್ಷರರೂಪದಲ್ಲಿ ಸುದ್ದಿ ಕೊಡುವ ಟೆಲಿಟೆಕ್ಸ್ಟ್‌ನಲ್ಲಿ ಪ್ರಕಟವಾಯಿತು. ಅದು ಎಸಾಂಡೊನ ಏಜೆಂಟನ ಕಣ್ಣಿಗೆ ಬಿತ್ತು. ಅದಕ್ಕೆ ಮೊದಲು ಎಸಾಂಡೊ ಫಿನ್ಲೆಂಡಿನಲ್ಲಿ ಆಡಿದ್ದ. ಆ ಹೊತ್ತಿಗೆ ಹೇಳಿಕೊಳ್ಳುವಂಥ ಕರಾರು ಯಾವುದೂ ಕೈಯಲ್ಲಿರಲಿಲ್ಲ. ವೈಕೊಂಬ್ ಅವನಿಗೆ ಎರಡು ವಾರದ ಕೆಲಸ ಕೊಟ್ಟಿತು. ಆ ಎರಡು ವಾರದೊಳಗೆ ಬಿದ್ದ ಗೋಲು ಇದು. ಇದೇ ಸ್ಯಾಂಚೆಜ್ 1988ರ ಎಫ್.ಎ. ಕಪ್ ಫೈನಲ್‌ನಲ್ಲಿ ವಿಂಬಲ್ಡನ್ ಪರ ಗೋಲು ಹೊಡೆದು ಲಿವರ್‌ಪೂಲನ್ನು ಸೋಲಿಸಿದವನು. ಆದರೆ ಆ ಶನಿವಾರ ರೆಫರಿಯೊಡನೆ ವಾದ ಮಾಡಿ ಹೊರಗೆ ಹಾಕಿಸಿಕೊಂಡಿದ್ದ. ತಾನು ಹುಡುಕಿ ತಂದವನ ಗೋಲನ್ನು ಒಳಗಿದ್ದ ಟಿ.ವಿ.ಯಲ್ಲಿ ನೋಡಬೇಕಾಯಿತು.

ಈ ಕತೆಯನ್ನು ಇಂಗ್ಲೆಂಡಿನ ಫುಟ್‌ಬಾಲ್ ಪ್ರಿಯರು ಕಪ್ ಟೂರ್ನಿಯ ಪವಾಡಗಳಲ್ಲಿ ಒಂದೆಂದು ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ. ಆದರೆ ಅದರ ಕೆಳಗೆ ಇನ್ನೊಂದು ಸಂಗತಿ ಇದೆ. ಋತು ಅರ್ಧಕ್ಕಿಂತ ಹೆಚ್ಚು ಕಳೆದ ಮೇಲೆ ಒಂದು ಸಣ್ಣ ಕ್ಲಬ್ಬಿಗೆ ಇಂಥ ಆಟಗಾರ ಸಿಗಬೇಕಾದರೆ ಎರಡು ವಿಷಯ ನಿಜವಾಗಿರಬೇಕು. ಒಂದು, ಆತ ಬೇರೆ ಯಾರಿಗೂ ಸೇರಿದವನಾಗಿರಬಾರದು. ಎರಡು, ಆತನಿಗೆ ಕೆಲಸವಿರಬಾರದು. ಮೊದಲನೆಯದನ್ನು ಫುಟ್‌ಬಾಲ್ ಆಟಗಾರರು ಸುಮಾರು ನೂರು ವರ್ಷ ಹೋರಾಡಿ ಗಳಿಸಿದರು. ಎರಡನೆಯದು ಅದರ ಜೊತೆಗೇ ಬಂತು.

'ವರ್ಗಾವಣೆ' ಎಂದರೆ ಕನ್ನಡದ ಓದುಗರಿಗೆ ಥಟ್ಟನೆ ನೆನಪಾಗುವುದು ಸರ್ಕಾರಿ ನೌಕರರ ಬೇಸಿಗೆಯ ತಳಮಳ. ಮಾಸ್ತರರು, ಗುಮಾಸ್ತರು ಪಟ್ಟಿ ಯಾವಾಗ ಬರುತ್ತದೆಂದು ಕಾಯುವ ಕಾಲ. ಅಲ್ಲಿ ಊರು ಬದಲಾಗುತ್ತದೆ, ಸಂಬಳ ಕೊಡುವವರು ಬದಲಾಗುವುದಿಲ್ಲ. ಫುಟ್‌ಬಾಲಿನ ವರ್ಗಾವಣೆಯಲ್ಲಿ ಸಂಬಳ ಕೊಡುವವರೇ ಬದಲಾಗುತ್ತಾರೆ. ಹೊಸ ಯಜಮಾನ ಹಳೆಯ ಯಜಮಾನನಿಗೆ ಹಣ ಕೊಡುತ್ತಾನೆ. ಆಟಗಾರ ಒಬ್ಬ ನೌಕರನೂ ಹೌದು, ಮಾರಾಟದ ವಸ್ತುವೂ ಹೌದು. ಈ ಇಬ್ಬಂದಿತನವನ್ನು ಗಮನಿಸದೆ ಮುಂದಿನ ಕತೆ ಅರ್ಥವಾಗುವುದಿಲ್ಲ.

ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ಆರಂಭವಾದದ್ದು 1888ರಲ್ಲಿ. ಐದು ವರ್ಷಗಳಲ್ಲಿ, ಅಂದರೆ 1893ರ ಹೊತ್ತಿಗೆ, ಕ್ಲಬ್ಬುಗಳು ಒಂದು ವ್ಯವಸ್ಥೆ ಮಾಡಿಕೊಂಡವು. ಒಮ್ಮೆ ಒಂದು ಕ್ಲಬ್ಬಿನಲ್ಲಿ ಹೆಸರು ನೋಂದಾಯಿಸಿದ ಆಟಗಾರ ಆ ಕ್ಲಬ್ಬು ಬಿಡುವ ತನಕ ಲೀಗಿನ ಬೇರೆ ಯಾವ ತಂಡಕ್ಕೂ ಆಡುವಂತಿಲ್ಲ. ಕರಾರಿನ ಅವಧಿ ಮುಗಿದರೂ ಅಷ್ಟೆ. ಕ್ಲಬ್ಬು ಅವನನ್ನು 'ಉಳಿಸಿಕೊಂಡ' ಪಟ್ಟಿಯಲ್ಲಿ ಸೇರಿಸಿದರೆ ಸಾಕು. ಹೊಸ ಕರಾರಿಗೆ ಆತ ಒಪ್ಪದಿದ್ದರೆ ಸಂಬಳ ನಿಲ್ಲುತ್ತದೆ, ನೋಂದಣಿ ಮಾತ್ರ ಕ್ಲಬ್ಬಿನ ಕಪಾಟಿನಲ್ಲಿ ಭದ್ರವಾಗಿರುತ್ತದೆ. ಕೂಲಿಯೂ ಇಲ್ಲ, ಬಿಡುಗಡೆಯೂ ಇಲ್ಲ. ಜೀತದಾಳಿಗೆ ಕನಿಷ್ಠ ಒಡೆಯನ ಮನೆಯ ಅಂಬಲಿಯಾದರೂ ಸಿಗುತ್ತಿತ್ತು ಎಂದು ಯಾರಾದರೂ ಹೇಳಿದರೆ ಅದು ಅತಿಶಯೋಕ್ತಿಯೇ ಸರಿ, ಆದರೆ ಪೂರ್ತಿ ಸುಳ್ಳಲ್ಲ. ಇದರ ಮೇಲೆ 1901ರಿಂದ ಗರಿಷ್ಠ ಸಂಬಳದ ಮಿತಿಯೂ ಬಂತು: ವಾರಕ್ಕೆ 4 ಪೌಂಡು.

ಆಟಗಾರರು 1907ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಸೇರಿ ಸಂಘ ಕಟ್ಟಿಕೊಂಡರು. ಕಿಂಗಬಿ ಎಂಬ ಆಟಗಾರ ಆಸ್ಟನ್ ವಿಲ್ಲಾ ಕ್ಲಬ್ಬಿನ ವಿರುದ್ಧ ಹೂಡಿದ ದಾವೆಗೆ ಸಂಘ ಬೆಂಬಲವಾಗಿ ನಿಂತಿತು. 1912ರಲ್ಲಿ ಸೋತಿತು. ಸಂಘದ ಬೊಕ್ಕಸ ಬರಿದಾಯಿತು. ಮುಂದಿನ ಅರ್ಧ ಶತಮಾನ ಯಾರೂ ಆ ಬಾಗಿಲನ್ನು ಮತ್ತೆ ತಟ್ಟಲಿಲ್ಲ.

ತಟ್ಟಿದವನು ಜಾರ್ಜ್ ಈಸ್ಟ್‌ಹ್ಯಾಮ್. ನ್ಯೂಕ್ಯಾಸಲ್ ಯುನೈಟೆಡ್‌ನ ಈ ಆಟಗಾರನ ಕರಾರು 1960ರ ಜೂನ್‌ನಲ್ಲಿ ಮುಗಿಯಿತು. ಕ್ಲಬ್ಬು ಕೊಟ್ಟ ಮನೆ ಚೆನ್ನಾಗಿಲ್ಲ, ಕೊಡಿಸುತ್ತೇವೆಂದ ಎರಡನೆಯ ಉದ್ಯೋಗ ಸರಿಯಾಗಿಲ್ಲ ಎಂಬವು ಅವನ ದೂರುಗಳು. ಈ ಎರಡನೆಯ ಉದ್ಯೋಗದ ಮಾತು ಇಂದಿನವರಿಗೆ ನಗು ತರಿಸಬಹುದು. ಆಗ ಗರಿಷ್ಠ ಸಂಬಳ ವಾರಕ್ಕೆ 20 ಪೌಂಡು. ಪ್ರಥಮ ದರ್ಜೆಯ ಆಟಗಾರನೂ ಪಕ್ಕದಲ್ಲಿ ಇನ್ನೊಂದು ಕೆಲಸ ನೋಡಿಕೊಳ್ಳುತ್ತಿದ್ದ ಕಾಲ ಅದು. ಈಸ್ಟ್‌ಹ್ಯಾಮ್ ಹೊಸ ಕರಾರಿಗೆ ಸಹಿ ಮಾಡಲಿಲ್ಲ. ನ್ಯೂಕ್ಯಾಸಲ್ ಬಿಡಲೂ ಇಲ್ಲ. ಆತ ದಕ್ಷಿಣ ಇಂಗ್ಲೆಂಡಿಗೆ ಹೋಗಿ ಪರಿಚಿತರೊಬ್ಬರ ಬಳಿ ಕಾರ್ಕ್ ಮಾರುವ ಕೆಲಸಕ್ಕೆ ಸೇರಿದ. ಇಂಗ್ಲೆಂಡ್ ತಂಡಕ್ಕೆ ಆಡಬಲ್ಲ ಕಾಲುಗಳು ತಿಂಗಳುಗಟ್ಟಲೆ ಚೆಂಡು ಮುಟ್ಟದೆ ಅಂಗಡಿಯಿಂದ ಅಂಗಡಿಗೆ ತಿರುಗಿದವು. ಕೊನೆಗೆ ನವೆಂಬರ್‌ನಲ್ಲಿ ನ್ಯೂಕ್ಯಾಸಲ್ ಮಣಿದು 47,500 ಪೌಂಡಿಗೆ ಅವನನ್ನು ಆರ್ಸೆನಲ್‌ಗೆ ಮಾರಿತು.

ಬೇರೆಯವನಾಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದ. ಬೇಕಾದ ಕ್ಲಬ್ಬು ಸಿಕ್ಕಿತ್ತು. ಆದರೆ ಸಂಘ ಪ್ರಕರಣವನ್ನು ನ್ಯಾಯಾಲಯಕ್ಕೆ ಒಯ್ಯಲು ಹೇಳಿತು, ಈಸ್ಟ್‌ಹ್ಯಾಮ್ ಒಪ್ಪಿದ. 1963ರಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ಅವರು ಆಟಗಾರನನ್ನು ಹೀಗೆ 'ಉಳಿಸಿಕೊಳ್ಳುವ' ಪದ್ಧತಿ ಮನುಷ್ಯನ ವೃತ್ತಿಗೆ ಹಾಕಿದ ಅಸಮಂಜಸ ತಡೆ ಎಂದು ತೀರ್ಪು ಕೊಟ್ಟರು. ಗರಿಷ್ಠ ಸಂಬಳದ ಮಿತಿ ಅದಕ್ಕೆ ಎರಡು ವರ್ಷ ಮೊದಲೇ, 1961ರಲ್ಲಿ, ಆಟಗಾರರ ಮುಷ್ಕರದ ಬೆದರಿಕೆಗೆ ಬಿದ್ದುಹೋಗಿತ್ತು.

ಅಲ್ಲಿಗೂ ಬಾಗಿಲು ಪೂರ್ತಿ ತೆರೆಯಲಿಲ್ಲ. ಕರಾರು ಮುಗಿದವನು ಹೋಗಬಹುದು, ಆದರೆ ಹೊಸ ಕ್ಲಬ್ಬು ಹಳೆಯದಕ್ಕೆ ಹಣ ಕೊಡಬೇಕು ಎಂಬ ಸ್ಥಿತಿ ಯುರೋಪಿನಾದ್ಯಂತ ಉಳಿಯಿತು. ಅದನ್ನು ಕೆಡವಿದವನು ಬೆಲ್ಜಿಯಮ್ಮಿನ ಜಾನ್-ಮಾರ್ಕ್ ಬೊಸ್ಮನ್. ಮಧ್ಯಮ ದರ್ಜೆಯ ಆಟಗಾರ. ಲಿಯೇಜ್ ಕ್ಲಬ್ಬಿನೊಡನೆ ಅವನ ಕರಾರು 1990ರಲ್ಲಿ ಮುಗಿದಾಗ ಕ್ಲಬ್ಬು ಮಾಸಿಕ ಸಂಬಳವನ್ನು 1,20,000 ಬೆಲ್ಜಿಯನ್ ಫ್ರಾಂಕಿನಿಂದ 30,000ಕ್ಕೆ ಇಳಿಸುವ ಪ್ರಸ್ತಾಪ ಮುಂದಿಟ್ಟಿತು. ಫ್ರಾನ್ಸಿನ ಎರಡನೆಯ ಡಿವಿಜನ್ನಿನ ಡನ್‌ಕರ್ಕ್ ಕ್ಲಬ್ಬು ಅವನನ್ನು ಕರೆಯಿತು. ಎರಡು ಕ್ಲಬ್ಬುಗಳ ನಡುವಿನ ಲೆಕ್ಕ ಕುದುರದೆ ಆತ ಎರಡೂ ಇಲ್ಲದವನಾದ. ಐದು ವರ್ಷದ ವ್ಯಾಜ್ಯದ ನಂತರ 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಹೇಳಿತು: ಒಕ್ಕೂಟದ ಪ್ರಜೆಯಾದ ಆಟಗಾರನ ಕರಾರು ಮುಗಿದ ಮೇಲೆ ಬೇರೊಂದು ಸದಸ್ಯ ದೇಶದ ಕ್ಲಬ್ಬಿಗೆ ಹೋಗಲು ಹಳೆಯ ಕ್ಲಬ್ಬು ಹಣ ಕೇಳುವಂತಿಲ್ಲ. ಈ ತೀರ್ಪಿನಿಂದ ದೊಡ್ಡ ದೊಡ್ಡ ಆಟಗಾರರು ಕೋಟಿಗಟ್ಟಲೆ ಗಳಿಸಿದರು. ಬೊಸ್ಮನ್‌ಗೆ ಆ ವೇಳೆಗೆ ಆಡುವ ವಯಸ್ಸು ದಾಟುತ್ತಿತ್ತು. ಗಮನಿಸಬೇಕಾದ್ದೆಂದರೆ, ಈ ಹಕ್ಕನ್ನು ತಂದುಕೊಟ್ಟ ಮೊಕದ್ದಮೆ ಮೊದಲ ಸಾಲಿನ ಕ್ಲಬ್ಬಿಗೆ ಹೋಗುವವನದಲ್ಲ, ಎರಡನೆಯ ಡಿವಿಜನ್ನಿಗೆ ಹೋಗಲು ಹೊರಟವನದು.

ಈಗ ಕಿಟಕಿಯ ವಿಷಯ. ಬೊಸ್ಮನ್ ತೀರ್ಪಿನ ನಂತರ ಯುರೋಪಿಯನ್ ಆಯೋಗ ಇಡೀ ವರ್ಗಾವಣೆ ಪದ್ಧತಿಯನ್ನೇ ಪ್ರಶ್ನಿಸತೊಡಗಿತು. ಬೇರೆ ಉದ್ಯೋಗಗಳಲ್ಲಿ ಇರುವ ಹಾಗೆ ನೋಟಿಸು ಕೊಟ್ಟು ಹೊರಡುವ ಸ್ವಾತಂತ್ರ್ಯ ಆಟಗಾರನಿಗೂ ಏಕಿಲ್ಲ? ಕ್ಲಬ್ಬುಗಳಿಗೆ ಎದೆ ಧಸಕ್ಕೆಂದಿತು. ಹಾಗಾದರೆ ಋತುವಿನ ಮಧ್ಯೆ ಶ್ರೀಮಂತ ಕ್ಲಬ್ಬು ಬಡ ಕ್ಲಬ್ಬಿನ ಅರ್ಧ ತಂಡವನ್ನು ಎತ್ತಿಕೊಂಡು ಹೋದರೆ ಪಂದ್ಯಾವಳಿಯ ಗತಿಯೇನು? ಕೊನೆಗೆ ರಾಜಿಯಾಯಿತು. ಕರಾರಿನ ಭದ್ರತೆ ಉಳಿಯುತ್ತದೆ. ಅದರ ಜೊತೆಗೆ, ಆಟಗಾರರ ಹೊಸ ನೋಂದಣಿ ವರ್ಷಕ್ಕೆ ಎರಡು ನಿಗದಿತ ಅವಧಿಗಳಲ್ಲಿ ಮಾತ್ರ. ಋತುಗಳ ನಡುವೆ ದೀರ್ಘವಾದದ್ದು ಒಂದು, ಋತುವಿನ ಮಧ್ಯೆ ಚಿಕ್ಕದು ಒಂದು. ಇದಕ್ಕೇ 'ವರ್ಗಾವಣೆಯ ಕಿಟಕಿ' ಎಂಬ ಹೆಸರು. ಈ ರಾಜಿಗೆ ಆಯೋಗವೂ ಅಂತರರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟವಾದ ಫಿಫಾವೂ ಒಪ್ಪಿದ್ದು 2001ರ ಮಾರ್ಚ್ 5ರಂದು. ಎಸಾಂಡೊ ಲೆಸ್ಟರ್‌ನಲ್ಲಿ ಗೋಲು ಹೊಡೆದದ್ದು ಅದಾದ ಐದನೆಯ ದಿನ.

ಅಲ್ಲಿಯವರೆಗೆ ಇಂಗ್ಲೆಂಡಿನಲ್ಲಿ ಋತು ಆರಂಭವಾದಂದಿನಿಂದ ಮಾರ್ಚ್‌ನ ನಾಲ್ಕನೆಯ ಗುರುವಾರದವರೆಗೂ ಯಾರು ಯಾರನ್ನಾದರೂ ಕೊಳ್ಳಬಹುದಿತ್ತು. 2002-03ರಿಂದ ಪ್ರೀಮಿಯರ್ ಲೀಗಿನಲ್ಲಿ ಕಿಟಕಿ ಜಾರಿಗೆ ಬಂತು. ಆದರೆ ಫಿಫಾದ ಹೊಸ ನಿಯಮಾವಳಿಯಲ್ಲಿ ಒಂದು ಅಪವಾದವೂ ಇತ್ತು. ಕಿಟಕಿ ಮುಚ್ಚುವ ಮೊದಲೇ ಕರಾರು ಮುಗಿದಿರುವ ವೃತ್ತಿಪರ ಆಟಗಾರನನ್ನು ಕಿಟಕಿ ಮುಚ್ಚಿದ ಮೇಲೂ ನೋಂದಾಯಿಸಬಹುದು. ಇಂಥವನನ್ನೇ 'ಫ್ರೀ ಏಜೆಂಟ್' ಎನ್ನುತ್ತಾರೆ. ಮುಕ್ತ ಆಟಗಾರ ಎನ್ನೋಣ.

ಅಪವಾದದ ತರ್ಕ ಸರಳ. ಕಿಟಕಿ ಇರುವುದು ಒಂದು ಕ್ಲಬ್ಬು ಇನ್ನೊಂದರ ತಂಡವನ್ನು ಮಧ್ಯದಲ್ಲಿ ಒಡೆಯದಿರಲಿ ಎಂದು. ಯಾವ ತಂಡದಲ್ಲೂ ಇಲ್ಲದವನನ್ನು ಸೇರಿಸಿಕೊಂಡರೆ ಯಾವ ತಂಡವೂ ಒಡೆಯುವುದಿಲ್ಲ. ಅವನನ್ನೂ ತಡೆದರೆ ಅದು ಪಂದ್ಯಾವಳಿಯ ರಕ್ಷಣೆಯಾಗುವುದಿಲ್ಲ, ಕೆಲಸವಿಲ್ಲದ ಒಬ್ಬ ಮನುಷ್ಯನಿಗೆ 'ಜನವರಿಯ ತನಕ ದುಡಿಯಬೇಡ' ಎಂದು ಹೇಳಿದಂತಾಗುತ್ತದೆ. 1963ರಲ್ಲಿ ವಿಲ್ಬರ್‌ಫೋರ್ಸ್ ಅವರು ತಪ್ಪೆಂದದ್ದು ಇದನ್ನೇ.

ಆದರೆ ಈ ಅಪವಾದದೊಳಗೆ ಒಂದು ಮುಳ್ಳೂ ಇದೆ, ಅದು ತಾರೀಖಿನದು. ಆಗಸ್ಟ್ ಕೊನೆಗೆ ಕರಾರು ಕಳೆದುಕೊಂಡವನು ಅಕ್ಟೋಬರ್‌ನಲ್ಲಿ ಎಲ್ಲಿ ಬೇಕಾದರೂ ಸೇರಬಹುದು. ಅಕ್ಟೋಬರ್‌ನಲ್ಲಿ ಕ್ಲಬ್ಬಿನೊಡನೆ ಮಾತಾಡಿಕೊಂಡು ಕರಾರು ಹರಿದವನು ಮಾತ್ರ ಜನವರಿಯ ಕಿಟಕಿ ತೆರೆಯುವ ತನಕ ಕಾಯಬೇಕು. ಈ ಷರತ್ತು ಇಲ್ಲದಿದ್ದರೆ ಬೇಕೆಂದೇ ಜಗಳ ತೆಗೆದು, ಕರಾರು ಹರಿದು, ಮರುದಿನ ಎದುರಾಳಿಯ ಅಂಗಿ ತೊಡುವವರಿಗೆ ಬರವಿರುತ್ತಿರಲಿಲ್ಲ ಎಂಬುದು ನಿಜ. ಆದರೆ ಜಗಳ ಮಾಡದೆಯೂ ಋತುವಿನ ಮಧ್ಯೆ ಕೆಲಸ ಕಳೆದುಕೊಳ್ಳುವವರು ಇರುತ್ತಾರೆ. ನಿಯಮಕ್ಕೆ ತಾರೀಖು ಕಾಣುತ್ತದೆ, ಕಾರಣ ಕಾಣುವುದಿಲ್ಲ. ಸಾಲದೆಂಬಂತೆ ಒಂದು ಋತುವಿನಲ್ಲಿ ಆಟಗಾರ ಮೂರಕ್ಕಿಂತ ಹೆಚ್ಚು ಕ್ಲಬ್ಬುಗಳಲ್ಲಿ ನೋಂದಾಯಿಸುವಂತಿಲ್ಲ, ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ತಂಡಗಳ ಪರ ಆಡುವಂತಿಲ್ಲ ಎಂಬ ಫಿಫಾ ನಿಯಮವೂ ಇದೆ. ದೊಡ್ಡ ಆಟಗಾರನಿಗೆ ಇದು ತಟ್ಟುವುದೇ ಇಲ್ಲ. ತಿಂಗಳ ಕರಾರಿನ ಮೇಲೆ ಊರೂರು ತಿರುಗುವವನಿಗೆ ತಟ್ಟುತ್ತದೆ.

ಇನ್ನು ಇದನ್ನು ಬಳಸುವ ಕ್ಲಬ್ಬುಗಳ ಕಡೆಗೆ ಬರೋಣ. ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗಿನ 20 ತಂಡಗಳ ಕೆಳಗೆ ಮೂರು ಡಿವಿಜನ್ನುಗಳಲ್ಲಿ ತಲಾ 24ರಂತೆ 72 ವೃತ್ತಿಪರ ಕ್ಲಬ್ಬುಗಳಿವೆ. ಒಂದೊಂದಕ್ಕೂ ಋತುವಿಗೆ ಲೀಗಿನದೇ 46 ಪಂದ್ಯ, ಕಪ್ ಪಂದ್ಯಗಳು ಬೇರೆ. ಆಗಸ್ಟ್‌ನಲ್ಲಿ ಲೆಕ್ಕ ಹಾಕಿ ಕಟ್ಟಿದ ತಂಡ ಅಕ್ಟೋಬರ್ ಮಳೆಯಲ್ಲಿ ಕುಂಟತೊಡಗುತ್ತದೆ. ಒಬ್ಬನ ಮಂಡಿ, ಇನ್ನೊಬ್ಬನ ತೊಡೆಯ ಸ್ನಾಯು. ದೊಡ್ಡ ಕ್ಲಬ್ಬಿಗೆ ಬೆಂಚಿನಲ್ಲಿ ಇನ್ನೊಂದು ತಂಡ ಇರುತ್ತದೆ, ಸಣ್ಣದಕ್ಕೆ ಇಲ್ಲ.

ಇಂಥ ಹೊತ್ತಿನಲ್ಲಿ ಈ ಕ್ಲಬ್ಬುಗಳಿಗೆ ಬಹುಕಾಲ ಇನ್ನೊಂದು ದಾರಿಯಿತ್ತು: 'ತುರ್ತು ಎರವಲು'. ಕಿಟಕಿ ಮುಚ್ಚಿದ್ದರೂ ದೊಡ್ಡ ಕ್ಲಬ್ಬಿನಿಂದ ಒಬ್ಬ ಹುಡುಗನನ್ನು ಕೆಲವು ವಾರಗಳಿಗೆ ಎರವಲು ತರಬಹುದಿತ್ತು. ಇದು ಕಿಟಕಿಯ ನಿಯಮಕ್ಕೆ ವಿರುದ್ಧ ಎಂಬ ಫಿಫಾದ ಆಕ್ಷೇಪದಿಂದ 2015-16ರ ಋತುವಿನೊಂದಿಗೆ ಅದು ನಿಂತಿತು. ಗೋಲ್‌ಕೀಪರ್ ಒಬ್ಬನೂ ಇಲ್ಲದ ಸಂದರ್ಭಕ್ಕೆ ಮಾತ್ರ ಉಳಿಸಿದರು. ಅಲ್ಲಿಂದಾಚೆಗೆ ಋತುವಿನ ಮಧ್ಯೆ ಕಾಲು ಮುರಿದುಕೊಂಡ ತಂಡಕ್ಕೆ ಉಳಿದ ದಾರಿ ಎಂದರೆ ಮುಕ್ತ ಆಟಗಾರರು ಮಾತ್ರ.

ಕೆಲಸ ನಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮ್ಯಾನೇಜರನಿಗೆ ಏಜೆಂಟರ ಫೋನುಗಳು ಬರುತ್ತಲೇ ಇರುತ್ತವೆ. ಒಬ್ಬನನ್ನು 'ಬಂದು ನಮ್ಮ ಜೊತೆ ಅಭ್ಯಾಸ ಮಾಡಿ ಹೋಗಲಿ' ಎಂದು ಕರೆಯುತ್ತಾರೆ. ಒಂದು ವಾರ, ಎರಡು ವಾರ ನೋಡುತ್ತಾರೆ. ಆತ ಮೇ ತಿಂಗಳಿನಿಂದ ಪಂದ್ಯವಾಡಿಲ್ಲ. ಒಬ್ಬನೇ ಪಾರ್ಕಿನಲ್ಲಿ ಓಡಿ ಉಸಿರು ಉಳಿಸಿಕೊಂಡಿದ್ದಾನೆ. ಆದರೆ ಒಬ್ಬನೇ ಓಡುವುದಕ್ಕೂ ಎದುರಾಳಿ ಡಿಕ್ಕಿ ಹೊಡೆಯುವಾಗ ಓಡುವುದಕ್ಕೂ ವ್ಯತ್ಯಾಸವಿದೆ. ತೃಪ್ತಿಯಾದರೆ ಒಂದು ತಿಂಗಳ, ಹೆಚ್ಚೆಂದರೆ ಜನವರಿಯ ತನಕದ ಕರಾರು. ವರ್ಗಾವಣೆಯ ಹಣ ಕೊಡಬೇಕಿಲ್ಲ ನಿಜ, ಸಂಬಳ ಕೊಡಬೇಕಲ್ಲ? ಕೆಳ ಡಿವಿಜನ್ನಿನ ಕ್ಲಬ್ಬುಗಳು ಆದಾಯದ ಇಂತಿಷ್ಟು ಪಾಲಿಗಿಂತ ಹೆಚ್ಚನ್ನು ಆಟಗಾರರ ಸಂಬಳಕ್ಕೆ ಸುರಿಯಬಾರದೆಂಬ ಕಟ್ಟಳೆಯಡಿ ನಡೆದುಬಂದಿವೆ. 2020ರ ಆಗಸ್ಟ್‌ನಲ್ಲಿ ಇನ್ನೂ ಬಿಗಿ ಮಾಡಿ ನಾಲ್ಕನೆಯ ಹಂತಕ್ಕೆ ವರ್ಷಕ್ಕೆ 15 ಲಕ್ಷ ಪೌಂಡಿನ ಮಿತಿ ಹಾಕಿದರು. ಆಟಗಾರರ ಸಂಘ ದೂರು ಕೊಟ್ಟು 2021ರ ಫೆಬ್ರವರಿಯಲ್ಲಿ ಅದನ್ನು ತೆಗೆಸಿತು. 1912ರಲ್ಲಿ ಬೊಕ್ಕಸ ಬರಿದು ಮಾಡಿಕೊಂಡ ಅದೇ ಸಂಘ.

ಕರಾರಾದ ಮೇಲೆ ಕಾಗದಪತ್ರ ಪಂದ್ಯಕ್ಕೆ ಮೊದಲೇ ಲೀಗಿನ ಕಚೇರಿ ಸೇರಿರಬೇಕು. ಆತ ಹೊರದೇಶದಲ್ಲಿ ಆಡಿ ಬಂದವನಾದರೆ ಆ ದೇಶದ ಸಂಸ್ಥೆಯಿಂದ ವರ್ಗಾವಣೆ ಪ್ರಮಾಣಪತ್ರ ಬರಬೇಕು. ಮಾರ್ಚ್‌ನ ನಾಲ್ಕನೆಯ ಗುರುವಾರ ದಾಟಿದರೆ ಮುಕ್ತ ಆಟಗಾರನಿಗೂ ಬಾಗಿಲು ಮುಚ್ಚುತ್ತದೆ. ಕೊನೆಯ ನಾಲ್ಕೈದು ವಾರದಲ್ಲಿ ಯಾರು ಮೇಲೇರುತ್ತಾರೆ, ಯಾರು ಬೀಳುತ್ತಾರೆ ಎಂಬುದು ಬಾಡಿಗೆ ಕಾಲುಗಳಿಂದ ನಿರ್ಧಾರವಾಗಬಾರದು ಎಂಬುದು ಉದ್ದೇಶ. ಹಳೆಯ ಗುರುವಾರ ಹೀಗೆ ಹೊಸ ವ್ಯವಸ್ಥೆಯಲ್ಲೂ ಬದುಕಿಕೊಂಡಿದೆ.

ಆ ಗುರುವಾರವನ್ನೂ ಒಮ್ಮೆ ದಾಟಿದ್ದುಂಟು. 1999ರಲ್ಲಿ ಕಾರ್ಲೈಲ್ ಯುನೈಟೆಡ್ ನಾಲ್ಕನೆಯ ಡಿವಿಜನ್ನಿನ ತಳದಲ್ಲಿತ್ತು. ಕೊನೆಯ ಸ್ಥಾನಕ್ಕೆ ಬಿದ್ದರೆ ಫುಟ್‌ಬಾಲ್ ಲೀಗಿನಿಂದಲೇ ಹೊರಗೆ. ತನ್ನ ಗೋಲ್‌ಕೀಪರನನ್ನು ಮಾರಿಕೊಂಡಿತ್ತು. ಎರವಲು ತಂದವನನ್ನು ಅವನ ಕ್ಲಬ್ಬು ಹಿಂದಕ್ಕೆ ಕರೆಸಿಕೊಂಡಿತ್ತು. ಲೀಗಿನ ವಿಶೇಷ ಅನುಮತಿ ಪಡೆದು ಸ್ವಿಂಡನ್ ಟೌನ್‌ನ ಜಿಮ್ಮಿ ಗ್ಲಾಸ್ ಎಂಬ ಗೋಲ್‌ಕೀಪರನನ್ನು ಉಳಿದ ಮೂರು ಪಂದ್ಯಗಳಿಗೆ ಎರವಲು ತಂದಿತು. ಆತ ಮುಕ್ತ ಆಟಗಾರನಲ್ಲ, ಆದರೆ ಗಡುವು ಮೀರಿ ಬಂದವನು ಏನು ಮಾಡಬಲ್ಲ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಮೇ 8ರ ಕೊನೆಯ ಪಂದ್ಯ, ಪ್ಲಿಮತ್ ಆರ್ಗೈಲ್ ವಿರುದ್ಧ 1-1. ಅತ್ತ ಸ್ಕಾರ್ಬರೊ ತನ್ನ ಪಂದ್ಯವನ್ನು ಸಮ ಮಾಡಿಕೊಂಡಿತ್ತು. ತಾವು ಉಳಿದೆವೆಂದು ಅದರ ಬೆಂಬಲಿಗರು ಆಗಲೇ ಮೈದಾನದಲ್ಲಿ ಕುಣಿಯುತ್ತಿದ್ದರು. ಕಾರ್ಲೈಲ್‌ನಲ್ಲಿ ಕೊನೆಯ ಕಾರ್ನರ್ ಕಿಕ್ಕು. ಗ್ಲಾಸ್ ತನ್ನ ಗೋಲು ಬಿಟ್ಟು ಮೈದಾನದ ಈ ತುದಿಗೆ ಓಡಿಬಂದ. ಎದುರಾಳಿ ಕೀಪರ್ ತಡೆದ ಚೆಂಡು ಅವನ ಕಾಲಿಗೇ ಬಂತು, ಒದ್ದ. ಕಾರ್ಲೈಲ್ ಉಳಿಯಿತು. ಸ್ಕಾರ್ಬರೊ ಮತ್ತೆಂದೂ ಲೀಗಿಗೆ ಮರಳಲಿಲ್ಲ, 2007ರಲ್ಲಿ ಸಾಲದಲ್ಲಿ ಮುಳುಗಿ ಮುಚ್ಚಿಹೋಯಿತು. ಗ್ಲಾಸ್ ಕೆಲವು ವರ್ಷಗಳಲ್ಲಿ ಆಟ ಬಿಟ್ಟು ಟ್ಯಾಕ್ಸಿ ಓಡಿಸಿದ. ಒಂದು ಊರು ಇಂದಿಗೂ ಅವನನ್ನು ನೆನೆಯುತ್ತದೆ. ಇನ್ನೊಂದು ಊರೂ ನೆನೆಯುತ್ತದೆ, ಬೇರೆ ಕಾರಣಕ್ಕೆ.

ಸ್ಕಾಟ್ಲೆಂಡಿನವರದು ಇನ್ನೂ ಸೊಗಸು. ಅಲ್ಲಿನ ಕೆಳ ಡಿವಿಜನ್ನುಗಳಲ್ಲಿ ಕರಾರಿಲ್ಲದ ಆಟಗಾರನನ್ನು ಪರೀಕ್ಷೆಗೆಂದು ನಿಜವಾದ ಲೀಗ್ ಪಂದ್ಯದಲ್ಲೇ ಆಡಿಸುವ ರೂಢಿಯುಂಟು. ತಂಡದ ಪಟ್ಟಿಯಲ್ಲಿ ಅವನ ಹೆಸರು ಹಾಕುವುದಿಲ್ಲ. ಬೇರೆ ಕ್ಲಬ್ಬಿಗೆ ಸುಳಿವು ಸಿಗಬಾರದಲ್ಲ. ಅದರ ಜಾಗದಲ್ಲಿ 'ಎ. ಟ್ರಯಲಿಸ್ಟ್' ಎಂದು ಬರೆಯುತ್ತಾರೆ. ಅಂದರೆ 'ಪರೀಕ್ಷೆಗೆ ಬಂದವನೊಬ್ಬ'. ಪತ್ರಿಕೆಯ ಫಲಿತಾಂಶದ ಅಂಕಣದಲ್ಲಿ ಗೋಲು ಹೊಡೆದವರ ಸಾಲಿನಲ್ಲೂ ಈ ಹೆಸರು ಕಾಣಿಸಿಕೊಳ್ಳುತ್ತದೆ. ಆ ದೇಶದ ಅತಿ ದೀರ್ಘಕಾಲ ಆಡಿದ, ಅತಿ ಹೆಚ್ಚು ಕ್ಲಬ್ಬು ಬದಲಿಸಿದ ಆಟಗಾರ ಇವನೇ ಎಂದು ಅಲ್ಲಿಯವರು ತಮಾಷೆ ಮಾಡುತ್ತಾರೆ. ತಮಾಷೆ ಚೆನ್ನಾಗಿದೆ. ಆದರೆ ಹೆಸರೇ ಇಲ್ಲದೆ ಗೋಲು ಹೊಡೆದು ಮನೆಗೆ ಹೋದವನು ಆ ರಾತ್ರಿ ಫೋನಿನ ಪಕ್ಕ ಕೂತಿರುತ್ತಾನೆ.

ಬೆಳಿಗ್ಗೆ ಏಳಕ್ಕೆ ನಮ್ಮ ಊರುಗಳ ಸರ್ಕಲ್ಲಿನಲ್ಲಿ ಗಾರೆ ಕೆಲಸದವರು ಕರಣೆ ಹಿಡಿದು ಮೇಸ್ತ್ರಿಗಾಗಿ ಕಾಯುವುದನ್ನು ಎಲ್ಲರೂ ಕಂಡಿದ್ದಾರೆ. ಎಂಟು ಗಂಟೆಗೆ ಅವರೇ ಕೂಲಿ ಹೇಳುತ್ತಾರೆ. ಹತ್ತು ದಾಟಿದರೆ ಮೇಸ್ತ್ರಿ ಹೇಳಿದ್ದೇ ಕೂಲಿ. ಮುಕ್ತ ಆಟಗಾರನ ಮಾರುಕಟ್ಟೆಯೂ ಹೀಗೆಯೇ. ಕರಾರುಗಳು ಜೂನ್ 30ಕ್ಕೆ ಮುಗಿಯುತ್ತವೆ. ಜುಲೈನಲ್ಲಿ ಎರಡು ವರ್ಷದ ಕರಾರು ಕೇಳಿದವನು ಆಗಸ್ಟ್‌ನಲ್ಲಿ ಒಂದು ವರ್ಷಕ್ಕೆ ಒಪ್ಪುತ್ತಾನೆ, ಅಕ್ಟೋಬರ್‌ನಲ್ಲಿ ಒಂದು ತಿಂಗಳಿಗೆ. ಕ್ಲಬ್ಬುಗಳಿಗೂ ಇದು ಗೊತ್ತು. ಕೆಲವು ಬೇಕೆಂದೇ ಕಾಯುತ್ತವೆ. ಇದನ್ನು ಕ್ರೌರ್ಯ ಎಂದು ಬೈಯುವ ಮೊದಲು ಆ ಕ್ಲಬ್ಬುಗಳ ಜೇಬನ್ನೂ ನೋಡಬೇಕು. ಅವುಗಳಲ್ಲಿ ಅನೇಕವು ಮುಂದಿನ ತಿಂಗಳ ಸಂಬಳಕ್ಕೇ ಪರದಾಡುವಂಥವು.

ಮ್ಯಾಕಲ್ಸ್‌ಫೀಲ್ಡ್ ಟೌನ್ ಅಂಥದೊಂದು. ರಿಕ್ಕಿ ಲ್ಯಾಂಬರ್ಟ್ ಎಂಬ ಹುಡುಗನನ್ನು ಲಿವರ್‌ಪೂಲ್ 15ನೆಯ ವಯಸ್ಸಿಗೇ ಬೇಡವೆಂದು ಕಳಿಸಿತ್ತು. ಬ್ಲ್ಯಾಕ್‌ಪೂಲ್ ಕ್ಲಬ್ಬೂ 2000ದಲ್ಲಿ ಬಿಟ್ಟಿತು. ಬೀಟ್‌ರೂಟ್ ಕಾರ್ಖಾನೆಯೊಂದರಲ್ಲಿ ಜಾಡಿಗಳಿಗೆ ಮುಚ್ಚಳ ತಿರುಗಿಸುವ ಕೆಲಸಕ್ಕೆ ಹೋದ. ಹಾಗೆ ಕ್ಲಬ್ಬಿಲ್ಲದೆ ತಿರುಗುತ್ತಿದ್ದವನನ್ನು 2001ರಲ್ಲಿ ಸೇರಿಸಿಕೊಂಡದ್ದು ಮ್ಯಾಕಲ್ಸ್‌ಫೀಲ್ಡ್. ಮರುವರ್ಷ ಅವನನ್ನು ಸ್ಟಾಕ್‌ಪೋರ್ಟ್ ಕೌಂಟಿಗೆ 3 ಲಕ್ಷ ಪೌಂಡಿಗೆ ಮಾರಿತು. ಒಂದು ಕಾಸೂ ಕೊಡದೆ ತಂದವನು ತಂದುಕೊಟ್ಟ ಹಣ ಅದು. ಲ್ಯಾಂಬರ್ಟ್ ಡಿವಿಜನ್ನಿನಿಂದ ಡಿವಿಜನ್ನಿಗೆ ಮೇಲೇರಿ 2013ರ ಆಗಸ್ಟ್‌ನಲ್ಲಿ, 31ನೆಯ ವಯಸ್ಸಿನಲ್ಲಿ, ವೆಂಬ್ಲಿಯಲ್ಲಿ ಸ್ಕಾಟ್ಲೆಂಡ್ ವಿರುದ್ಧ ಇಂಗ್ಲೆಂಡಿನ ಅಂಗಿ ತೊಟ್ಟ. ಮೊದಲು ಮುಟ್ಟಿದ ಚೆಂಡನ್ನೇ ತಲೆಯಿಂದ ಗೋಲಿಗೆ ಹಾಕಿ 3-2ರಿಂದ ಗೆಲ್ಲಿಸಿದ. ಮ್ಯಾಕಲ್ಸ್‌ಫೀಲ್ಡ್ ಟೌನ್ ಮಾತ್ರ ಆಟಗಾರರ ಸಂಬಳ ಬಾಕಿ ಉಳಿಸಿಕೊಂಡು 2019-20ರಲ್ಲಿ ಅಂಕ ಕಡಿತದ ಶಿಕ್ಷೆ ಅನುಭವಿಸಿತು. 2020ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯದ ಆದೇಶದಂತೆ ಮುಚ್ಚಿತು. ಆ ದಿನ ಅದರ ಆಟಗಾರರೆಲ್ಲ ಕ್ಲಬ್ಬಿಲ್ಲದವರಾದರು. ಆ ಮೈದಾನದಲ್ಲಿ ಈಗ ಆಡುತ್ತಿರುವುದು ಬೇರೆ ಹೆಸರಿನ, ಮೊದಲಿನಿಂದ ಕಟ್ಟಿದ ಕ್ಲಬ್ಬು.

ಲ್ಯಾಂಬರ್ಟ್‌ನಂಥವರು ಎಷ್ಟು ಮಂದಿ? ಕೈಬೆರಳೆಣಿಕೆ. ಮಿಕ್ಕವರಿಗಾಗಿ ಕೆಲವು ದೇಶಗಳ ಆಟಗಾರರ ಸಂಘಗಳು ಒಂದು ಉಪಾಯ ಕಂಡುಕೊಂಡಿವೆ. ಫ್ರಾನ್ಸಿನ ಸಂಘ ಬೇಸಿಗೆಯಲ್ಲಿ ಕೆಲಸವಿಲ್ಲದ ಆಟಗಾರರಿಗೆ ಶಿಬಿರ ನಡೆಸುತ್ತದೆ. ತರಬೇತುದಾರರು, ವೈದ್ಯರು, ಒಂದೇ ಬಣ್ಣದ ಅಂಗಿ, ಎಲ್ಲವೂ ಉಂಟು. ಆ ನಿರುದ್ಯೋಗಿಗಳ ತಂಡ ನಿಜವಾದ ಕ್ಲಬ್ಬುಗಳೊಡನೆ ಸ್ನೇಹಪಂದ್ಯ ಆಡುತ್ತದೆ. ಒಬ್ಬೊಬ್ಬನಿಗೆ ಕೆಲಸ ಸಿಕ್ಕಂತೆ ತಂಡ ಕರಗುತ್ತ ಹೋಗುತ್ತದೆ. ಪೂರ್ತಿ ಕರಗಿದರೆ ಅದೇ ಯಶಸ್ಸು. ಸ್ಪೇನಿನ ಸಂಘವೂ ಇಂಥದೇ ತಂಡ ಕಟ್ಟುತ್ತದೆ.

ಬೆಂಗಳೂರಿನ ಹಳೆಯ ಫುಟ್‌ಬಾಲ್ ಬಲ್ಲವರಿಗೆ ಈ ಚಿಂತೆ ಅಷ್ಟು ಪರಿಚಿತವಲ್ಲ. ಎಚ್.ಎ.ಎಲ್., ಐ.ಟಿ.ಐ. ತಂಡಗಳಲ್ಲಿ ಆಡಿದವರು ಮೊದಲು ಕಾರ್ಖಾನೆಯ ನೌಕರರು, ಆಮೇಲೆ ಆಟಗಾರರು. ಮಂಡಿ ಹೋದರೂ ಮೇಜು ಉಳಿಯುತ್ತಿತ್ತು. ಹಾಗೆ ನೌಕರರನ್ನೇ ಕಟ್ಟಿಕೊಂಡು ಎಚ್.ಎ.ಎಲ್. 2010-11ರಲ್ಲಿ ದೇಶದ ಉನ್ನತ ಪಂದ್ಯಾವಳಿಯಾಗಿದ್ದ ಐ-ಲೀಗ್‌ವರೆಗೂ ಹೋಯಿತು. 2013ರಲ್ಲಿ ಬೆಂಗಳೂರು ಎಫ್.ಸಿ. ಬಂದ ಮೇಲೆ ಊರಿನ ಮುಖ್ಯ ತಂಡವೂ ಕರಾರಿನ ಆಟಗಾರರದೇ ಆಯಿತು. ಸಂಬಳ ಹಲವು ಪಟ್ಟು ಏರಿತು. ಮೇಜು ಹೋಯಿತು. ಯಾವುದು ಮೇಲು ಎಂದು ಆಟ ನೋಡುವವರನ್ನು ಕೇಳುವುದಕ್ಕಿಂತ 32 ವರ್ಷದ ಆಟಗಾರನೊಬ್ಬನನ್ನು ಕೇಳುವುದು ಒಳ್ಳೆಯದು.

ನ್ಯಾಯಾಲಯಗಳ ಕೆಲಸವೂ ಮುಗಿದಿಲ್ಲ. 2024ರ ಅಕ್ಟೋಬರ್ 4ರಂದು ಯುರೋಪಿನ ನ್ಯಾಯಾಲಯ ಲಸ್ಸಾನ ಡಿಯಾರಾ ಎಂಬ ಫ್ರೆಂಚ್ ಆಟಗಾರನ ಪ್ರಕರಣದಲ್ಲಿ, ಕರಾರು ಮುರಿದವನ ಮೇಲೂ ಅವನನ್ನು ಸೇರಿಸಿಕೊಳ್ಳುವ ಹೊಸ ಕ್ಲಬ್ಬಿನ ಮೇಲೂ ಫಿಫಾ ಹೇರುತ್ತಿದ್ದ ಕೆಲವು ನಿಯಮಗಳು ಒಕ್ಕೂಟದ ಕಾನೂನಿಗೆ ಹೊಂದುವುದಿಲ್ಲ ಎಂದಿತು. 2001ರ ರಾಜಿ ಹೀಗೆ ಒಂದೊಂದೇ ಹೊಲಿಗೆ ಬಿಚ್ಚುತ್ತಿದೆ.

ಎಸಾಂಡೊನ ಕತೆ ಅರ್ಧಕ್ಕೆ ನಿಂತಿತ್ತು. ಅದೇ ಏಪ್ರಿಲ್ 8ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್‌ನಲ್ಲಿ ವೈಕೊಂಬ್ ಸೆಮಿಫೈನಲ್ ಆಡಿ ಲಿವರ್‌ಪೂಲ್‌ಗೆ 2-1ರಿಂದ ಸೋತಿತು. ಋತು ಮುಗಿದಾಗ ಕ್ಲಬ್ಬು ಎಸಾಂಡೊನನ್ನು ಉಳಿಸಿಕೊಳ್ಳಲಿಲ್ಲ. ಆತ ಬಾರ್ನೆಟ್ ಎಂಬ ಇನ್ನೊಂದು ಸಣ್ಣ ಕ್ಲಬ್ಬಿಗೆ ಹೋದ, ಅಲ್ಲಿಂದ ಮುಂದೆ ಲೀಗಿನ ಹೊರಗಿನ ತಂಡಗಳಲ್ಲಿ ವರ್ಷಗಟ್ಟಲೆ ಆಡಿದ.